ಶಿಶುಪಾಲನೆ: ಬಾಗಲಕೋಟೆ ಸೀಮೆಯ ರೂಢಿ ಮತ್ತು ವಿಜ್ಞಾನ

ಕೂಸಿಗೆ ಹಾಲುಣಿಸುವುದು, ಎರೆಯುವುದು, ಮಲಗಿಸುವುದು, ಅನ್ನ ರೂಢಿ ಮಾಡಿಸುವುದು, ಆಡಿಸುವುದು, ಜ್ವರ ಭೇದಿ ಬಂದಾಗ ನೋಡಿಕೊಳ್ಳುವುದು ಎಲ್ಲ ಸೇರಿ ಶಿಶುಪಾಲನೆ. ಅದರಲ್ಲಿ ಯಾವುದು ಹಿತ, ಯಾವುದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ, ಯಾವುದು ಜೀವಕ್ಕೇ ಎರವಾಗುತ್ತದೆ ಎಂಬುದನ್ನು ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಹೋಲಿಸಿ ತೀರ್ಮಾನಿಸುವ ಕ್ರಮ ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. ಈ ಲೇಖನ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಬಾಣಂತನವನ್ನೂ ಮಕ್ಕಳ ಆರೈಕೆಯನ್ನೂ ಆ ತಿಳಿವಳಿಕೆಯ ಬೆಳಕಿನಲ್ಲಿ ನೋಡುತ್ತದೆ.

ಬಾಗಲಕೋಟೆ 1997ರ ಆಗಸ್ಟ್ 15ರಂದು ವಿಜಯಪುರದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಮಳೆ ಕಡಿಮೆ, ಎರೆಹೊಲದಲ್ಲಿ ಬಿಳಿಜೋಳ, ಕಡಲೆ, ಮಸಾರಿ ನೆಲದಲ್ಲಿ ಸಜ್ಜೆ, ಶೇಂಗಾ, ಹೆಸರು. ಇಳಕಲ್‌ನಲ್ಲಿ ಸೀರೆಯ ಮಗ್ಗ ಮತ್ತು ಗ್ರಾನೈಟ್ ಗಣಿ, ಗುಳೇದಗುಡ್ಡದಲ್ಲಿ ಖಣದ ಮಗ್ಗ. ಹೊಲದ ಕೆಲಸ ಮುಗಿದ ಮೇಲೆ ಬಾದಾಮಿ, ಹುನಗುಂದ ಕಡೆಯ ಹಲವು ಕುಟುಂಬಗಳು ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಗುಳೆ ಹೋಗುತ್ತವೆ. ಜತೆಗೆ ಕೂಸೂ ಹೋಗುತ್ತದೆ. ಇಲ್ಲಿಯ ಶಿಶುಪಾಲನೆಯನ್ನು ಈ ಬದುಕಿನಿಂದ ಬಿಡಿಸಿ ನೋಡಲಾಗದು. ತಾಯಿಗೆ ಏನು ತಿಳಿದಿದೆ ಎಂಬುದಕ್ಕಿಂತ, ಅವಳ ಗಂಗಾಳದಲ್ಲಿ ಏನು ಬೀಳುತ್ತದೆ, ಕೂಸನ್ನು ಎತ್ತಿಕೊಳ್ಳಲು ಅವಳ ಕೈ ಎಷ್ಟು ಹೊತ್ತು ಖಾಲಿ ಇರುತ್ತದೆ ಎಂಬುದೇ ಇಲ್ಲಿ ಹೆಚ್ಚು ಸಲ ನಿರ್ಣಾಯಕ.

ಹಿನ್ನೆಲೆ

ಕನ್ನಡದಲ್ಲಿ ಶಿಶುಪಾಲನೆಯ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ (1934–1991) ಮುಖ್ಯರು. ಅವರ ‘ತಾಯಿ ಮಗು’ ಓದಿಕೊಂಡೇ ಚೊಚ್ಚಲ ಬಾಣಂತನ ಕಳೆದ ತಾಯಂದಿರು ರಾಜ್ಯದ ಎಲ್ಲ ಭಾಗದಲ್ಲಿದ್ದಾರೆ. ಸರ್ಕಾರದ ಕಡೆಯಿಂದ ದೊಡ್ಡ ಹೆಜ್ಜೆ 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ. ಅದರಡಿ ಕರ್ನಾಟಕದ ಮೊದಲ ಅಂಗನವಾಡಿಗಳು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ತೆರೆದವು. 2005ರ ನಂತರ ಹಳ್ಳಿಯ ಆರೋಗ್ಯ ಕೆಲಸಕ್ಕೆ ಆಶಾ ಕಾರ್ಯಕರ್ತೆಯರು ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಮನೆಗೆ ಬಂದು ಕೂಸನ್ನು ತೂಗಿ, ಮೈ ಬಿಸಿ ನೋಡಿ, ಹಾಲು ಕುಡಿಯುವುದನ್ನು ಗಮನಿಸಬೇಕು ಎಂಬ ನಿಯಮಕ್ಕೆ ಮೂಲ ಮಹಾರಾಷ್ಟ್ರದ ಗಡಚಿರೋಲಿ. ಅಲ್ಲಿ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಮನೆಯಲ್ಲೇ ನವಜಾತ ಶಿಶುಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿದರು. ಹೋಲಿಕೆಗೆ ಆರಿಸಿಕೊಂಡ ಹಳ್ಳಿಗಳಿಗಿಂತ ಅಲ್ಲಿ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು.

ಬಾಗಲಕೋಟೆಯೂ ಇಂಥ ಪ್ರಯತ್ನದ ನೆಲವೇ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ರಾಜ್ಯ ಸರ್ಕಾರದ ಜತೆ ಸೇರಿ ‘ಸುಕ್ಷೇಮ’ ಯೋಜನೆ ನಡೆಸಿದ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ಇದೂ ಒಂದು. ಹೆರಿಗೆ ಕೋಣೆಯ ನರ್ಸ್‌ಗಳಿಗೆ ಅನುಭವಿ ನರ್ಸ್‌ಗಳಿಂದಲೇ ಮಾರ್ಗದರ್ಶನ, ಪ್ರತಿ ಬಸುರಿ ಬಾಣಂತಿಯ ಲೆಕ್ಕ ತಪ್ಪದಂತೆ ಆಶಾ ಇಡುವ ಪುಸ್ತಕ – ಇವು ಅದರ ತಿರುಳು. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಅದರ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ನವನಗರದಲ್ಲಿ ಜಿಲ್ಲಾ ಆಸ್ಪತ್ರೆ ಇವೆ.

ಇಷ್ಟಾದರೂ ಮಕ್ಕಳ ಮೈ ಹೇಳುವ ಲೆಕ್ಕ ಸಮಾಧಾನ ತರುವಂಥದ್ದಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ಶೇ 65.5 ಮಂದಿಗೆ ರಕ್ತಹೀನತೆ.

ಬಾಣಂತಿಯ ಗಂಗಾಳ

ಈ ಸೀಮೆಯಲ್ಲಿ ಕುಬಸ ಮಾಡಿಸಿಕೊಂಡ ಚೊಚ್ಚಲ ಬಸುರಿ ಹೆರಿಗೆಗೆ ತವರಿಗೆ ಬರುತ್ತಾಳೆ. ಮೂರರಿಂದ ಐದು ತಿಂಗಳು ಅವಳಿಗೆ ನೀರು ಹೊರುವ, ರೊಟ್ಟಿ ಬಡಿಯುವ ಕೆಲಸವಿಲ್ಲ. ಕೂಸು ಅತ್ತರೆ ಎತ್ತಿಕೊಳ್ಳಲು ನಾಲ್ಕು ಕೈ ಇರುತ್ತವೆ. ಅಂಟಿನುಂಡಿ, ಅಳವಿ ಪಾಯಸ, ಕೊಬ್ಬರಿ, ತುಪ್ಪ ಕೊಟ್ಟು ಮೈ ತುಂಬಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಗೆ ಬೇಕೆನ್ನುವ ವಿಶ್ರಾಂತಿ, ನೆರವು, ಹೆಚ್ಚಿನ ಆಹಾರ ಮೂರೂ ಈ ಏರ್ಪಾಡಿನಲ್ಲಿವೆ. ಹಣ ಕೊಟ್ಟರೂ ನಗರದಲ್ಲಿ ಸಿಗದ ಭಾಗ್ಯವಿದು, ಇದನ್ನು ಉಳಿಸಿಕೊಳ್ಳಲೇಬೇಕು.

ಕೆಡುಕು ಇರುವುದು ಪಥ್ಯದಲ್ಲಿ. ಕಾಯಿಪಲ್ಯ ಥಂಡಿ, ಬೇಳೆ ವಾಯು, ಬದನೆ ನಂಜು, ಹಣ್ಣು ತಿಂದರೆ ಕೂಸಿಗೆ ನೆಗಡಿ ಎಂದು ಒಂದೊಂದನ್ನೇ ಬಿಡಿಸುತ್ತ ಹೋಗುತ್ತಾರೆ. ಕೆಲವು ಮನೆಗಳಲ್ಲಿ ಕೊನೆಗೆ ಉಳಿಯುವುದು ಬಿಳಿ ಅನ್ನ, ತುಪ್ಪ, ಬಳ್ಳೊಳ್ಳಿ ಖಾರ. ಇದರ ಫಲ ಏನೆಂಬುದನ್ನು ಕರ್ನಾಟಕದ ಹೃದ್ರೋಗ ತಜ್ಞರು, ಶಿಶುತಜ್ಞರು 2021ರಲ್ಲಿ ಪ್ರಕಟಿಸಿದ ವರದಿ ಬಿಡಿಸಿ ಹೇಳಿತು. ತಾಯಿ ಹಾಲನ್ನಷ್ಟೇ ಕುಡಿಯುತ್ತ ಚೆನ್ನಾಗಿಯೇ ಬೆಳೆಯುತ್ತಿದ್ದ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ನರಳುತ್ತದೆ, ಏದುಸಿರು ಬಿಡುತ್ತದೆ. ಹೃದಯದ ಎಕೋ ಪರೀಕ್ಷೆ ಮಾಡಿ ನೋಡಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಉಬ್ಬಿರುತ್ತದೆ. ಥಯಾಮಿನ್, ಅಂದರೆ ಬಿ-1 ಜೀವಸತ್ವದ ಚುಚ್ಚುಮದ್ದು ಕೊಟ್ಟರೆ ಒಂದೆರಡು ದಿನದಲ್ಲೇ ಚೇತರಿಸಿಕೊಳ್ಳುತ್ತದೆ. ಈ ಕೂಸುಗಳ ತಾಯಂದಿರು ಪಾಲಿಶ್ ಅಕ್ಕಿಯ ಅನ್ನದ ಕಟ್ಟುಪಥ್ಯದಲ್ಲಿದ್ದವರು. ಅವರ ಮೈಯಲ್ಲೇ ಥಯಾಮಿನ್ ಇಲ್ಲ. ಹಾಲಿಗೆ ಎಲ್ಲಿಂದ ಬರಬೇಕು? ಹಿಂದೆ ಇಂಥ ಎಷ್ಟೋ ಸಾವುಗಳನ್ನು ನ್ಯುಮೋನಿಯಾ ಎಂದೋ ದೃಷ್ಟಿ ತಾಗಿತೆಂದೋ ಬರೆದುಕೊಂಡಿರಬೇಕು.

ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್ 0.05 ಮಿಲಿಗ್ರಾಂ ಆಸುಪಾಸು ಇದ್ದರೆ ಜೋಳದಲ್ಲಿ ಅದರ ಆರೇಳು ಪಟ್ಟು ಇದೆ. ಹೆಸರುಬೇಳೆ, ಶೇಂಗಾದಲ್ಲಿ ಇನ್ನೂ ಹೆಚ್ಚು. ಅಕ್ಕಿಯನ್ನು ಮೂರು ನಾಲ್ಕು ಸಲ ತೊಳೆದು, ಗಂಜಿ ಬಸಿದರೆ ಇರುವ ಚೂರೂ ಹೋಗುತ್ತದೆ. ಜೋಳದ ನಾಡಿನಲ್ಲಿ ಬಾಣಂತಿಗೆ ಜೋಳದ ರೊಟ್ಟಿ ತಪ್ಪಿಸಿ ಅನ್ನಕ್ಕೆ ಕೂರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಬಿಸಿ ರೊಟ್ಟಿ, ಹೆಸರುಬೇಳೆ, ಮೆಂತ್ಯ ಅಥವಾ ನುಗ್ಗೆಸೊಪ್ಪಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ಮೊಟ್ಟೆ ಕೊಟ್ಟರೆ ಬಾಣಂತಿಯೂ ಉಳಿಯುತ್ತಾಳೆ, ಕೂಸೂ ಉಳಿಯುತ್ತದೆ. 2017ರ ಅಕ್ಟೋಬರ್ 2ರಿಂದ ರಾಜ್ಯವ್ಯಾಪಿಯಾದ ‘ಮಾತೃಪೂರ್ಣ’ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಇದೆ. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟುವಂತಿಲ್ಲ ಎಂಬ ಕಟ್ಟಳೆ ಇರುವ ಮನೆಯಲ್ಲಿ ಆ ಊಟ ಅವಳಿಗೆ ಸೇರುವುದು ಕಷ್ಟ.

ಬಾಣಂತಿಯ ಮನಸ್ಸಿಗೂ ಆರೈಕೆ ಬೇಕು. ಕಾರಣವಿಲ್ಲದೆ ಅಳುವುದು, ಕೂಸನ್ನು ಕಂಡರೆ ಏನೂ ಅನ್ನಿಸದಿರುವುದು, ನಿದ್ದೆ ಬಾರದಿರುವುದು ಎರಡು ವಾರಕ್ಕೂ ಮೀರಿ ನಡೆದರೆ ಅದು ಸೊಕ್ಕೂ ಅಲ್ಲ, ಗಾಳಿಯೂ ಅಲ್ಲ. ಚಿಕಿತ್ಸೆ ಇರುವ ಖಿನ್ನತೆ. ತಾಯಿ ಕೂಸು ಇಬ್ಬರನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳುವ ದೇಶದ ಮೊದಲ ಮಾನಸಿಕ ಚಿಕಿತ್ಸಾ ಘಟಕ 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರಂಭವಾಯಿತು.

ಎದೆಹಾಲು

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ, ಆಮೇಲೆ ಊಟದ ಜತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲು ಮುಂದುವರಿಯಬೇಕು: ಶಿಶುಪಾಲನೆಯಲ್ಲಿ ಬಲವಾದ ಪುರಾವೆ ಇರುವ ಸಲಹೆಗಳಲ್ಲಿ ಇದೊಂದು. ಮೊದಲ ಎರಡು ಮೂರು ದಿನದ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ರೂಢಿ ಇತ್ತು, ಕೆಲವೆಡೆ ಇನ್ನೂ ಇದೆ. ಎಮ್ಮೆ ಈದ ದಿನ ಕರುವಿಗೆ ಗಿಣ್ಣದ ಹಾಲು ಕುಡಿಸದಿದ್ದರೆ ಅದು ಬದುಕುವುದಿಲ್ಲ ಎಂದು ಬಲ್ಲ ರೈತನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ಹಳದಿ ಹಾಲೂ ರೋಗ ತಡೆಯುವ ಪ್ರತಿಕಾಯಗಳಿಂದ ತುಂಬಿದ ಅದೇ ಗಿಣ್ಣ.

ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ, ಸಕ್ಕರೆ ನೀರು, ಬಜೆ ತೇಯ್ದ ನೀರು, ಹೊಟ್ಟೆ ತೊಳೆಯಲೆಂದು ಔಡಲೆಣ್ಣೆ ಹಾಕುವುದು ಈ ಕಡೆ ಸಾಮಾನ್ಯ. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಮೊಳೆತು ನರಗಳನ್ನು ಸ್ತಬ್ಧಗೊಳಿಸಬಲ್ಲವು. ಔಡಲೆಣ್ಣೆ ಭೇದಿ ಮಾಡಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ‘ಕೂಸಿಗೂ ನೀರಡಿಕಿ ಆಗತೈತಿ’ ಎಂಬ ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ಸೆಕೆಗೆ ಕೂಸು ಹೆಚ್ಚು ಸಲ ಕುಡಿಯುತ್ತದೆ, ಹಾಲೂ ಅದಕ್ಕೆ ತಕ್ಕಂತೆ ಬರುತ್ತದೆ. ಚರಿಗೆ ತುಂಬ ನೀರು ಬೇಕಾದದ್ದು ತಾಯಿಗೆ.

ಹಾಲು ಸಾಲುತ್ತಿಲ್ಲ ಎಂಬ ಅಂಜಿಕೆ ಬಹುತೇಕ ತಾಯಂದಿರಿಗೆ ಬರುತ್ತದೆ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತಿಂಗಳಿಂದ ತಿಂಗಳಿಗೆ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಡಬ್ಬಿ ಹಾಲು, ಹಾಲಿನ ಬಾಟಲಿಯ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ.

ಎರೆಯುವುದು, ತೊಟ್ಟಿಲು, ಹೊಗೆ

ಬಚ್ಚಲ ಮಣೆಯ ಮೇಲೆ ಕುಳಿತ ಅಜ್ಜಿ ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ ಎರಡೂ ಕಾಲು ಚಾಚುತ್ತಾಳೆ. ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು ಮೊದಲು ಅಂಗಾತ, ಆಮೇಲೆ ಬೋರಲು. ಎಣ್ಣೆ ಹಚ್ಚಿದ ಅಂಗೈ ಭುಜದಿಂದ ಬೆರಳ ತುದಿಗೆ, ತೊಡೆಯಿಂದ ಹಿಮ್ಮಡಿಗೆ ಇಳಿಯುತ್ತದೆ. ಬಲಗೈ ಎಡಗಾಲಿಗೆ, ಎಡಗೈ ಬಲಗಾಲಿಗೆ ತಾಗುವಂತೆ ಅಡ್ಡ ಮಡಚಿ ಬಿಡುತ್ತಾಳೆ. ನೀರಿನ ಬಿಸಿಯನ್ನು ಮುಂಗೈ ಮೇಲೆ ನೋಡಿಯೇ ತಂಬಿಗೆ ಎತ್ತುತ್ತಾಳೆ. ಇಡೀ ಹೊತ್ತು ಬಾಯಲ್ಲಿ ಮಾತೋ ಹಾಡೋ ಇದ್ದೇ ಇರುತ್ತದೆ. ಹಗುರ ಕೈಯ ಮಾಲೀಸಿನಿಂದ ಕೂಸುಗಳ ತೂಕ ಏರುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂದು, ಮುಖ್ಯವಾಗಿ ದಿನ ತುಂಬದೆ ಹುಟ್ಟಿದವುಗಳಲ್ಲಿ, ಅಧ್ಯಯನಗಳು ತೋರಿಸಿವೆ. ಬೋರಲು ಹಾಕುವುದರಿಂದ ಕತ್ತು, ಬೆನ್ನು ಗಟ್ಟಿಯಾಗುತ್ತವೆ. ಇನ್ನೂ ತಾನಾಗಿ ಚಲಿಸಲಾರದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಅರ್ಧ ಗಂಟೆಯಾದರೂ ಬೋರಲು ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು.

ಈ ಎರೆಯುವಿಕೆಯಲ್ಲಿ ಬಿಡಬೇಕಾದವು ಕೆಲವೇ. ಮೊದಲ 24 ಗಂಟೆ ಎರೆಯಬಾರದು, ಕೂಸಿನ ಮೈ ತಣ್ಣಗಾಗುತ್ತದೆ. ಮೂಗು, ಕಿವಿಗೆ ಎಣ್ಣೆ ಬಿಡಬಾರದು; ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಹುದು. ಹೊಕ್ಕುಳಬಳ್ಳಿಗೆ ಬೂದಿ, ಅರಿಷಿಣ, ಎಣ್ಣೆ ಏನನ್ನೂ ಹಚ್ಚದೆ ಒಣಗಲು ಬಿಟ್ಟರೆ ತಾನೇ ಉದುರುತ್ತದೆ. ತಲೆಯನ್ನು ದುಂಡಗೆ, ಮೂಗನ್ನು ನೆಟ್ಟಗೆ ಮಾಡಲು ಒತ್ತುವುದರಿಂದ ಏನೂ ಆಗುವುದಿಲ್ಲ, ನೋವಷ್ಟೇ. ಕಾಡಿಗೆಯಲ್ಲಿ ಸೀಸ ಇರಬಹುದಾದ್ದರಿಂದ ದೃಷ್ಟಿ ಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಿ, ಕಣ್ಣಿಗೆ ಬೇಡ.

ಎರೆದ ಮೇಲೆ ಕುಳ್ಳಿನ ಕೆಂಡಕ್ಕೆ ಲೋಬಾನ, ಅಜವಾನ ಉದುರಿಸಿ ಕೂಸನ್ನು ಹೊಗೆಗೆ ಹಿಡಿಯುತ್ತಾರೆ. ಬಾಣಂತಿಯ ಹೊರಸಿನ ಕೆಳಗೂ ಅಗ್ಗಿಷ್ಟಿಗೆ ಇಡುತ್ತಾರೆ. ಬೆಚ್ಚಗಿಡಬೇಕೆಂಬ ಉದ್ದೇಶ ಸರಿ. ಆದರೆ ಕಿಟಕಿ ಮುಚ್ಚಿದ ಕೋಣೆಯ ಹೊಗೆ ಮೊದಲು ಸೇರುವುದು ನಿಮಿಷಕ್ಕೆ ನಲವತ್ತು ಐವತ್ತು ಸಲ ಉಸಿರಾಡುವ ಎಳೆಯ ಎದೆಗೂಡಿಗೆ. ಟೋಪಿ, ಮೆತ್ತನ್ನ ಬಟ್ಟೆ, ತಾಯಿಯ ಮೈ – ಬೆಚ್ಚಗಿಡಲು ಇಷ್ಟು ಸಾಕು.

ಹಳೆಯ ಸೀರೆಯನ್ನು ಜಂತಿಗೆ ಕಟ್ಟಿದ ಜೋಳಿಗೆ ಈ ಸೀಮೆಯ ತೊಟ್ಟಿಲು. ಕಣ್ಣೆದುರು ತೂಗುವಷ್ಟು ಹೊತ್ತಿಗೆ ಅದು ಸರಿ. ರಾತ್ರಿಯಿಡೀ ಅದರಲ್ಲೇ ಬಿಟ್ಟರೆ ಸಣ್ಣ ಕೂಸಿನ ಗದ್ದ ಎದೆಗೊತ್ತಿ ಉಸಿರು ಕಟ್ಟಬಹುದು. ರಾತ್ರಿ ಗಟ್ಟಿ, ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಿಸುವುದು ಕ್ಷೇಮ.

ಕಡಿಮೆ ತೂಕದ ಕೂಸು

ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಕೂಸುಗಳಿಗೆ ಮದ್ದಿಗಿಂತ ಮಿಗಿಲಾದದ್ದು ತಾಯಿಯ ಎದೆ. ಕೂಸಿಗೆ ಟೋಪಿ, ಲಂಗೋಟಿ ಮಾತ್ರ ಹಾಕಿ ತಾಯಿಯ ಎದೆಯ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಈ ಕ್ರಮ, ಕಾಂಗರೂ ಆರೈಕೆ, 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿಂದ ಹುಟ್ಟಿತು. ತೀರ ಕಡಿಮೆ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದರೆ 28 ದಿನದೊಳಗಿನ ಸಾವು ಕಾಲುಭಾಗ ಕಡಿಮೆಯಾಗುತ್ತದೆಂದು ಭಾರತವೂ ಸೇರಿ ಐದು ದೇಶಗಳ ಅಧ್ಯಯನ 2021ರಲ್ಲಿ ತೋರಿಸಿತು. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರಿ ವ್ಯವಸ್ಥೆಯೊಳಗೇ ಇದನ್ನು ಜಿಲ್ಲೆಯಿಡೀ ಜಾರಿಗೆ ತಂದವು. ತಂದೆ, ಅಜ್ಜಿ, ಚಿಕ್ಕಮ್ಮ ಯಾರು ಬೇಕಾದರೂ ಸರದಿಯಲ್ಲಿ ಕಟ್ಟಿಕೊಳ್ಳಬಹುದು. ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆ ಮಾಡುವ ರೂಢಿ ಈ ಭಾಗದಲ್ಲಿ ಪೂರ್ತಿ ನಿಂತಿಲ್ಲ. ಬೆಳೆಯುತ್ತಿರುವ ತಾಯಿ, ಬೆಳೆಯಲಾರದ ಕೂಸು – ಕಡಿಮೆ ತೂಕದ ಮೂಲಗಳಲ್ಲಿ ಇದೊಂದು.

ಉಣಿಸುವುದು

ಆರು ತಿಂಗಳು ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ಮಕ್ಕಳ ಬೆಳವಣಿಗೆ ಹೆಚ್ಚಾಗಿ ಕುಗ್ಗುವುದು ಇಲ್ಲಿಂದ ಎರಡು ವರ್ಷ ತುಂಬುವವರೆಗೆ. ತಡವಾಗಿ ಶುರು ಮಾಡುವುದು, ನೀರು ನೀರಾದ ಅಂಬಲಿ, ಬೇಳೆಯ ಕಟ್ಟು ಕೊಡುವುದು ಮುಖ್ಯ ಕಾರಣ. ಕೂಸಿನ ಹೊಟ್ಟೆ ಚಿಕ್ಕದು. ನೀರು ತುಂಬಿಸಿದರೆ ಕಾಳಿಗೆ ಜಾಗ ಉಳಿಯುವುದಿಲ್ಲ. ಚಮಚ ವಾಲಿಸಿದರೂ ಥಟ್ಟನೆ ಜಾರದಷ್ಟು ಗಟ್ಟಿ ಇರಬೇಕು. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು ಮೂರು ಸಲ, ಎರಡು ಮೂರು ಚಮಚದಿಂದ ಶುರುವಾಗಿ ಅರ್ಧ ಬಟ್ಟಲವರೆಗೆ. ವರ್ಷ ತುಂಬುವ ಹೊತ್ತಿಗೆ ಮೂರು ನಾಲ್ಕು ಸಲ. ವರ್ಷದ ಮೇಲೆ ಮುಕ್ಕಾಲು ಬಟ್ಟಲಿಂದ ತುಂಬು ಬಟ್ಟಲು. ಜ್ವರ ಬಿಟ್ಟ ಮೇಲೆ ಒಂದು ಊಟ ಹೆಚ್ಚು.

ಇದಕ್ಕೆ ಪೇಟೆಯ ಡಬ್ಬಿ ಬೇಕಿಲ್ಲ. ಹುರಿದ ಹೆಸರುಬೇಳೆ, ಜೋಳದ ನುಚ್ಚು ಅಥವಾ ಅಕ್ಕಿ ಮೆತ್ತಗೆ ಬೇಯಿಸಿ, ಹುರಿದು ನುಣ್ಣಗೆ ಅರೆದ ಶೇಂಗಾ ಒಂದು ಚಮಚ, ಒಂದು ಹಿಡಿ ನುಗ್ಗೆ ಅಥವಾ ಮೆಂತ್ಯ ಸೊಪ್ಪು, ಅರ್ಧ ಚಮಚ ತುಪ್ಪ ಸೇರಿಸಿ ಕಿವುಚಿದರೆ ಅದು ಪೂರ್ತಿ ಊಟ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬೇಳೆ ತುಂಬಿಕೊಡುತ್ತದೆ. ಮೇಲೆ ಹಿಂಡಿದ ನಾಲ್ಕು ಹನಿ ಲಿಂಬೆ ಕಾಳು ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಹೆಸರು, ಮಡಿಕೆ ಕಾಳನ್ನು ಮೊಳಕೆ ಬರಿಸಿ ಬೇಯಿಸಿದರೆ ಇನ್ನೂ ಒಳ್ಳೆಯದು. ಜೋಳವನ್ನು ಮಾತ್ರ ಮೊಳಕೆ ಬರಿಸಿ ಕೊಡಬೇಡಿ. ಅದರ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ತಿನ್ನುವ ಮನೆಗಳಲ್ಲಿ ದಿನಕ್ಕೊಂದು ಮೊಟ್ಟೆ ಎಲ್ಲಕ್ಕಿಂತ ಸುಲಭದ ದಾರಿ.

ಶೇಂಗಾ ವಿಷಯದಲ್ಲಿ ವಿಜ್ಞಾನ ತನ್ನ ಮಾತನ್ನೇ ತಿದ್ದಿಕೊಂಡಿದೆ. ಅಲರ್ಜಿಯ ಭಯದಿಂದ ಪಶ್ಚಿಮದ ವೈದ್ಯರು ಮೂರು ವರ್ಷದವರೆಗೆ ಶೇಂಗಾ ಬೇಡವೆನ್ನುತ್ತಿದ್ದ ಕಾಲವಿತ್ತು. ಲಂಡನ್ನಿನಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದೊಳಗೇ ಶೇಂಗಾ ತಿನ್ನತೊಡಗಿದವರಲ್ಲಿ ಅಲರ್ಜಿ ಶೇ 80ಕ್ಕೂ ಹೆಚ್ಚು ಕಡಿಮೆಯಾಯಿತು. ಊಟಕ್ಕೆ ಶೇಂಗಾ ಹಿಂಡಿ ತಪ್ಪದ ಈ ಸೀಮೆಗೆ ಇದು ಹೊಸ ಮಾತೇನಲ್ಲ. ಆದರೆ ಇಡೀ ಶೇಂಗಾ ಬೀಜ, ಪುಠಾಣಿ, ಅಡಿಕೆ ಚೂರು ಐದು ವರ್ಷದವರೆಗೆ ಕೈಗೆ ಸಿಗಬಾರದು. ಉಸಿರುನಾಳದಲ್ಲಿ ಸಿಕ್ಕಿದ ಒಂದೇ ಬೀಜ ನಿಮಿಷಗಳಲ್ಲಿ ಜೀವ ತೆಗೆಯಬಹುದು.

ರಕ್ತಹೀನತೆಗೆ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಅನ್ನು ಆಶಾ ಮೂಲಕ ಸರ್ಕಾರವೇ ಕೊಡುತ್ತದೆ. ಮಲ ಕಪ್ಪಗಾದರೆ ಹೆದರಿ ನಿಲ್ಲಿಸಬಾರದು.

ನೀರಿನ ಬಗ್ಗೆ ಒಂದು ಎಚ್ಚರ. ಹುನಗುಂದ, ಇಳಕಲ್ ಕಡೆಯ ಗ್ರಾನೈಟ್ ನೆಲದ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೊದಲ ವರ್ಷಗಳಲ್ಲಿ ವಸಡಿನೊಳಗೇ ರೂಪುಗೊಳ್ಳುವ ಶಾಶ್ವತ ಹಲ್ಲುಗಳು ಅದರಿಂದ ಕಂದುಗಟ್ಟುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆರಿದಷ್ಟೂ ದಟ್ಟವಾಗುತ್ತದೆ. ಕೂಸಿನ ಅಡುಗೆಗೆ ಶುದ್ಧೀಕರಣ ಘಟಕದ ಅಥವಾ ನದಿ ಮೂಲದ ನೀರು ಬಳಸಬೇಕು.

ಮಾತು ಮತ್ತು ಆಟ

ಕೂಸು ಕೂಗುತ್ತದೆ, ತಾಯಿ ‘ಓ’ ಎನ್ನುತ್ತಾಳೆ. ಕೂಸು ನೋಡಿದ ಕಡೆ ತಾನೂ ನೋಡಿ ‘ಗುಬ್ಬಿ ಬಂತು’ ಎನ್ನುತ್ತಾಳೆ. ಮೆದುಳು ಬೆಳೆಯುವುದು ಈ ಕೊಡುಕೊಳ್ಳುವಿಕೆಯಿಂದ. ಜಮೈಕಾದ ಕಿಂಗ್ಸ್‌ಟನ್‌ನಲ್ಲಿ ಸ್ಯಾಲಿ ಗ್ರಾಂಥಂ-ಮೆಕ್‌ಗ್ರೆಗರ್ 1980ರ ದಶಕದಲ್ಲಿ ಕುಗ್ಗಿದ ಬೆಳವಣಿಗೆಯ 129 ಮಕ್ಕಳನ್ನು ಆರಿಸಿಕೊಂಡು, ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯನ್ನು ಕಳಿಸಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಕೂಸಿನ ಜತೆ ಹೇಗೆ ಆಡಬೇಕೆಂದು ತಾಯಿಗೆ ತೋರಿಸಿದರು. ಎರಡು ವರ್ಷ ನಡೆದದ್ದು ಇಷ್ಟೇ. ಇಪ್ಪತ್ತು ವರ್ಷದ ನಂತರ ನೋಡಿದಾಗ ಆ ಮಕ್ಕಳು ಉಳಿದವರಿಗಿಂತ ಶೇ 25ರಷ್ಟು ಹೆಚ್ಚು ದುಡಿಯುತ್ತಿದ್ದರು.

ಈ ಸೀಮೆಯ ತೊಟ್ಟಿಲ ಹಾಡು, ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳೇ ಮಿದ್ದು ಮಾಡುವ ಎತ್ತು, ಅಂಗಳದ ರಂಗೋಲಿಗೆ ಪುಡಿ ಕೊಡುವ ಕೆಲಸ – ಎಲ್ಲವೂ ಬೆರಳಿಗೂ ಮಾತಿಗೂ ಪಾಠ. ಈಗ ಇವುಗಳ ಜಾಗಕ್ಕೆ ಮೊಬೈಲ್ ಬಂದಿದೆ. ಅದು ಕೈಗಿಡದಿದ್ದರೆ ತುತ್ತು ಇಳಿಯುವುದಿಲ್ಲ ಎನ್ನುವ ಮನೆಗಳು ಹಳ್ಳಿಯಲ್ಲೂ ಹೆಚ್ಚುತ್ತಿವೆ. ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪರದೆ ಮಾತಾಡುತ್ತದೆ, ಆದರೆ ಕೂಸಿನ ‘ಊಂ’ಗೆ ಓಗೊಡುವುದಿಲ್ಲ.

ಆಸರೆಯಿಲ್ಲದೆ ಕೂರುವುದು ಸುಮಾರು ನಾಲ್ಕರಿಂದ ಒಂಬತ್ತು ತಿಂಗಳೊಳಗೆ, ನಡೆಯುವುದು ಎಂಟರಿಂದ ಹದಿನೆಂಟು ತಿಂಗಳೊಳಗೆ. ಹದಿನಾರು ತಿಂಗಳಾದರೂ ಒಂದೂ ಪದ ಇಲ್ಲ, ಹೆಸರು ಕರೆದರೆ ತಿರುಗುವುದಿಲ್ಲ ಎಂದರೆ ‘ಅವರಪ್ಪನೂ ತಡಾ ಮಾತಾಡಿದ್ದ’ ಎಂದು ಕಾಯಬಾರದು. ಸೋದರಮಾವ, ಅತ್ತೆಯ ಮಗನೊಂದಿಗೆ ಮದುವೆ ಮಾಡುವ ರೂಢಿಯಿಂದ ಹುಟ್ಟು ಕಿವುಡಿನ ಸಂಭವ ಹೆಚ್ಚು. ಬೇಗ ಕಂಡುಹಿಡಿದರೆ ಶ್ರವಣ ಸಾಧನ ಮತ್ತು ಮಾತಿನ ತರಬೇತಿ ಫಲ ಕೊಡುತ್ತವೆ.

ಗುಮ್ಮನ ಹೆಸರಲ್ಲಿ ಹೆದರಿಸುವುದು, ಹೊಡೆಯುವುದು ಮಕ್ಕಳನ್ನು ಆ ಕ್ಷಣ ಸುಮ್ಮನಾಗಿಸುತ್ತವೆ, ಕಲಿಸುವುದಿಲ್ಲ. ಹೊಡೆತ ತಿಂದು ಬೆಳೆದವರಲ್ಲಿ ಸಿಟ್ಟು, ಅಂಜಿಕೆ ಹೆಚ್ಚೆಂದು ದಶಕಗಳ ಅಧ್ಯಯನಗಳು ಒಂದೇ ಮಾತು ಹೇಳಿವೆ.

ಬರೆ, ಹರಕೆ, ಭೇದಿ

ಹೊಟ್ಟೆ ಉಬ್ಬಿತು, ಕಾಮಾಲೆಯಾಯಿತು ಎಂದು ಎಳೆಗೂಸಿನ ಹೊಟ್ಟೆಗೆ ಕಾಸಿದ ಕಬ್ಬಿಣದಿಂದಲೋ ಬಳೆಯಿಂದಲೋ ಬರೆ ಹಾಕುವುದು ಉತ್ತರ ಕರ್ನಾಟಕದ ಕೆಲವೆಡೆ ಇನ್ನೂ ಕೇಳಿಬರುತ್ತದೆ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸುಟ್ಟ ಗಾಯದ ಸೋಂಕೇ ಕೂಸನ್ನು ಕೊಲ್ಲಬಹುದು, ಮೂಲ ಕಾಯಿಲೆಯ ಚಿಕಿತ್ಸೆಗೆ ಸಿಗಬೇಕಾದ ಹೊತ್ತೂ ಹೋಗುತ್ತದೆ. ಜಿಲ್ಲೆಯ ನಾಗರಾಳದ ದಿಗಂಬರೇಶ್ವರ ಗುಡಿಯಲ್ಲಿ ಹರಕೆಯ ಕೂಸುಗಳನ್ನು ಮೇಲಿನಿಂದ ಕೆಳಗೆ ಹಿಡಿದ ಕಂಬಳಿಗೆ ಎಸೆಯುವ ಆಚರಣೆ ದೇಶದಾದ್ಯಂತ ಸುದ್ದಿಯಾಗಿತ್ತು. ಕತ್ತು ಬಲಿಯದ ಕೂಸಿಗೆ ಅಂಥ ಕುಲುಕಾಟದಿಂದ ಮೆದುಳಿನಲ್ಲಿ ರಕ್ತ ಸೋರಬಹುದು. ಹರಕೆ ತೀರಿಸಲು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೈ ಮುಗಿದರೆ ದೇವರಿಗೂ ಸಾಕು.

ಭೇದಿಗೆ ಕಾರಣ ಹಲ್ಲು ಬರುವುದಲ್ಲ, ವಸಡು ಕಡಿಯುತ್ತದೆಂದು ಕೂಸು ಬಾಯಿಗೆ ಹಾಕಿಕೊಂಡ ಕೊಳೆ. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್, ಜತೆಗೆ 14 ದಿನ ಜಿಂಕ್. ಎದೆಹಾಲು, ಊಟ ನಿಲ್ಲಿಸಬಾರದು. ಕೂಸು ಹಾಲು ಬಿಟ್ಟರೆ, ಎದೆಗೂಡು ಒಳಸೆಳೆದರೆ, ಎರಡು ತಿಂಗಳೊಳಗಿನದು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಫಿಟ್ಸ್ ಬಂದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾದರೆ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೇ ಹೋಗಬೇಕು. ಗುಳೆ ಹೋಗುವವರು ಲಸಿಕೆಯ ವಿವರವಿರುವ ತಾಯಿ ಕಾರ್ಡ್ ಮರೆಯದೆ ಒಯ್ಯಬೇಕು. 6, 10, 14 ವಾರ ಮತ್ತು 9 ತಿಂಗಳ ಲಸಿಕೆಯನ್ನು ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಾದರೂ ಪುಕ್ಕಟೆ ಹಾಕುತ್ತಾರೆ.

ದುಡಿಯುವ ತಾಯಿ

ಮೇಲಿನ ಸಲಹೆಗಳೆಲ್ಲ ತಾಯಿಗೆ ಬಿಡುವಿದೆ ಎಂದು ನಂಬಿ ಬರೆದಂಥವು. ಇಳಕಲ್‌ನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರ್ತಿ ಏಳೆಂಟು ಸಲ ಹಾಲುಣಿಸಲು ಎದ್ದರೆ ಸೀರೆ ಆ ವಾರ ಮಗ್ಗದಿಂದ ಇಳಿಯುವುದಿಲ್ಲ, ಮಜೂರಿ ಬರುವುದಿಲ್ಲ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಅದು ಕಚೇರಿ, ಕಾರ್ಖಾನೆಯಲ್ಲಿ ದುಡಿಯುವವರಿಗೆ. ಮಗ್ಗದವಳಿಗೆ, ಕಲ್ಲುಗಣಿಯ ಕೂಲಿಯವಳಿಗೆ, ಕಳೆ ಕೀಳುವವಳಿಗೆ ಸಿಗುವುದು ಮಾತೃವಂದನಾ ಯೋಜನೆಯ 5,000 ರೂಪಾಯಿ. ಅಂಗನವಾಡಿ ಮಕ್ಕಳನ್ನು ಕೂರಿಸಿಕೊಳ್ಳುವುದು ಮೂರು ವರ್ಷದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಮನೆಗೊಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ ಮಾತ್ರ. ಮಕ್ಕಳು ಕುಗ್ಗುವ ವಯಸ್ಸು ಯಾವುದೋ ಅದೇ ವಯಸ್ಸಿನ ಕೂಸು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲಿರುತ್ತದೆ, ಅಕ್ಕನ ಶಾಲೆ ತಪ್ಪುತ್ತದೆ.

ಈ ಕೊರತೆಗೆ ರಾಜ್ಯ ಸರ್ಕಾರ 2023–24ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಸರಿಯಾದ ಉತ್ತರ. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರ ಮತ್ತು ಹಳ್ಳಿಯ ಇತರ ದುಡಿಯುವ ಹೆಣ್ಣುಮಕ್ಕಳ ಎಳೆಗೂಸುಗಳನ್ನು ಹಗಲು ನೋಡಿಕೊಳ್ಳುವ ಕೇಂದ್ರಗಳನ್ನು 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವ ಯೋಜನೆ ಇದು. ಅದು ಹೆಸರಿಗೆ ಬೀಗ ಹಾಕಿದ ಕೋಣೆಯಾಗದೆ, ಎರಡು ಹೊತ್ತು ಬಿಸಿ ಊಟ, ಹಾಸಿಗೆ, ಆಟಿಕೆ, ಹೊತ್ತಿಗೆ ಸರಿಯಾಗಿ ಸಂಬಳ ಸಿಗುವ ಆರೈಕೆದಾರ್ತಿ ಇರುವ ಜಾಗವಾಗಬೇಕು. ಮಗ್ಗದ ಓಣಿಗಳಿಗೂ ಕಲ್ಲುಗಣಿಯ ಬದಿಗೂ ಬರಬೇಕು. ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ರಸ್ತೆ, ಚರಂಡಿಯ ಜತೆಗೆ ಹೆಣ್ಣುಮಕ್ಕಳು ಕೇಳಿ ಪಡೆಯಬೇಕಾದ ಮೊದಲ ಕಾಮಗಾರಿ ಇದು.